ಬಗ್ಗಿಸುವುದರಿಂದ ಹಿಡಿದು ನಿಲ್ಲಿಸುವುದಕ್ಕೆ: ಕೋರ್ ವ್ಯಾಯಾಮ ನಡೆದುಬಂದ ದಾರಿ

ಜಿಮ್‌ಗೆ ಹೊಸದಾಗಿ ಸೇರಿದವರಲ್ಲಿ ಹಲವರು ಮೊದಲ ವಾರವೇ ಸಿಟ್-ಅಪ್‌ಗೆ ಇಳಿಯುತ್ತಾರೆ. ಹೊಟ್ಟೆ ಕರಗಬೇಕು ಎಂಬುದು ಅವರ ಆಸೆ. ಯಾವ ಭಾಗಕ್ಕೆ ಕಸರತ್ತು ಕೊಡುತ್ತೇವೋ ಅಲ್ಲಿಯ ಕೊಬ್ಬೇ ಕರಗುತ್ತದೆ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಕೋರ್ ವ್ಯಾಯಾಮದ ಫಲವೇ ಬೇರೆ. ಹೊಟ್ಟೆ, ಪಕ್ಕೆ, ಕೆಳಬೆನ್ನು, ಪೃಷ್ಠ, ಮೇಲೆ ವಪೆ, ಕೆಳಗೆ ಶ್ರೋಣಿಯ ತಳ, ಇಷ್ಟೂ ಕಡೆಯ ಸ್ನಾಯುಗಳೇ ಕೋರ್, ಅವು ಸೇರಿ ಬೆನ್ನುಮೂಳೆಯನ್ನು ಹತೋಟಿಯಲ್ಲಿ ಹಿಡಿಯುತ್ತವೆ. ತುಂಬಿದ ಕೊಡ ಎತ್ತುವಾಗ, ಓಡುವ ಬಸ್ಸಿನಲ್ಲಿ ನಿಂತಿರುವಾಗ ದುಡಿಯುವುದು ಇವೇ. ಇಷ್ಟು ಸ್ಪಷ್ಟವಾಗಲು ಹತ್ತಿರಹತ್ತಿರ ನೂರು ವರ್ಷ ಬೇಕಾಯಿತು.

ನಮ್ಮ ಗರಡಿಮನೆಗಳ ದಂಡ, ಬಸ್ಕಿಗಳು ಇಡೀ ಮೈಯನ್ನು ಒಟ್ಟಿಗೆ ದುಡಿಸುತ್ತಿದ್ದವು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ದೇಹದಾರ್ಢ್ಯದ ಜೊತೆಗೆ ಸೂರ್ಯನಮಸ್ಕಾರವನ್ನೂ ಎತ್ತಿಹಿಡಿದರು. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸುತ್ತಿದ್ದರು, ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲೇ ಹೊರಬಂತು. ಆ ಪರಂಪರೆಯ ಚತುರಂಗ ದಂಡಾಸನಕ್ಕೂ ಇಂದಿನ ಪ್ಲಾಂಕ್‌ಗೂ ಹತ್ತಿರದ ನಂಟಿದೆ: ಎರಡರಲ್ಲೂ ಮೈ ನೆಟ್ಟಗೆ ನಿಲ್ಲಬೇಕು, ನಡು ಕುಸಿಯಬಾರದು.

ಪಶ್ಚಿಮದಲ್ಲಿ ಇದೇ ಜಾಡು ಹಿಡಿದವರು ಜರ್ಮನಿಯಲ್ಲಿ 1883ರಲ್ಲಿ ಹುಟ್ಟಿದ ಜೋಸೆಫ್ ಪಿಲಾಟಿಸ್. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನವರ ಸೆರೆಶಿಬಿರದಲ್ಲಿದ್ದಾಗಲೇ ತಮ್ಮ ಪದ್ಧತಿಯನ್ನು ರೂಪಿಸತೊಡಗಿದ ಅವರು, ಮುಂದೆ ನ್ಯೂಯಾರ್ಕ್‌ನಲ್ಲಿ ನರ್ತಕರಿಗೆ ಅದನ್ನು ಕಲಿಸಿದರು. ಉಸಿರು, ನಿಧಾನ, ಹತೋಟಿ ಅವರ ಪಾಠದ ತಿರುಳು. ಆದರೆ ಶಾಲೆ, ಸೇನೆಗಳಲ್ಲಿ ಗೆದ್ದದ್ದು ಸಿಟ್-ಅಪ್. ಎಣಿಸಲು ಸುಲಭ, ಸಲಕರಣೆ ಬೇಡ. 1980ರಲ್ಲಿ ಅಮೆರಿಕದ ಸೇನೆ ಜಾರಿಗೆ ತಂದ ಪರೀಕ್ಷೆಯಲ್ಲಿ ಎರಡು ನಿಮಿಷದ ಸಿಟ್-ಅಪ್ ಇತ್ತು.

ಸಂಶೋಧನೆ ಬೇರೆ ದಿಕ್ಕಿಗೆ ಹೊರಳಿತು. 1984ರಲ್ಲಿ ಡೆನ್ಮಾರ್ಕಿನ ಬೀರಿಂಗ್-ಸೋರೆನ್ಸೆನ್, ಬೆನ್ನಿನ ಸ್ನಾಯುಗಳ ತಾಳಿಕೆ ಚೆನ್ನಾಗಿದ್ದ ಗಂಡಸರಿಗೆ ಮೊದಲ ಸಲ ಬೆನ್ನುನೋವು ಬರುವುದು ಕಡಿಮೆ ಎಂದು ತೋರಿಸಿದರು. ಬರೀ ಶಕ್ತಿಗಿಂತ ತಾಳಿಕೆ ಮುಖ್ಯ ಎಂಬ ಈ ಮಾತು ಹೊಸಬರಿಗೆ ದೊಡ್ಡ ಧೈರ್ಯ. 1992ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮನೋಹರ್ ಪಂಜಾಬಿ, ಬೆನ್ನುಮೂಳೆಯ ಸ್ಥಿರತೆ ಮೂಳೆ-ಅಸ್ಥಿರಜ್ಜು, ಸ್ನಾಯು, ನರ ಈ ಮೂರರ ಕೂಡುದುಡಿಮೆ ಎಂಬ ಚೌಕಟ್ಟು ಕೊಟ್ಟರು.

ಕೋರ್ ಎಂಬ ಮಾತು ಮನೆಮಾತಾದದ್ದಕ್ಕೆ ಮುಖ್ಯ ಕಾರಣ 1996ರ ಒಂದು ಅಧ್ಯಯನ. ಆರೋಗ್ಯವಂತರು ಕೈಯನ್ನು ಥಟ್ಟನೆ ಎತ್ತುವಾಗ, ಕೈ ಅಲುಗುವ ಮೊದಲೇ ಹೊಟ್ಟೆಯ ಅತಿ ಒಳಪದರದ ಅಡ್ಡಸ್ನಾಯು ಬಿಗಿಯುತ್ತದೆ. ಬೆನ್ನುನೋವಿದ್ದವರಲ್ಲಿ ಅದು ತಡವಾಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಜಸ್, ಕ್ಯಾರೊಲಿನ್ ರಿಚರ್ಡ್ಸನ್ ಅವರ ಈ ಶೋಧ ಸೊಗಸಾದದ್ದು. ಆದರೆ ಅದರ ಮೇಲೆ ಕಟ್ಟಿದ್ದು ಹೆಚ್ಚಾಯಿತು. 'ಹೊಕ್ಕುಳನ್ನು ಒಳಗೆಳೆದುಕೊಳ್ಳಿ' ಎಂಬ ಸೂಚನೆ ಫಿಸಿಯೋಥೆರಪಿ ಕೇಂದ್ರಗಳಿಂದ ಜಿಮ್‌ಗಳವರೆಗೆ ಹಬ್ಬಿತು. ಸ್ನಾಯು ತಡವಾಗಿದ್ದರಿಂದ ನೋವು ಬಂತೋ, ನೋವಿನಿಂದ ಅದು ತಡವಾಯಿತೋ ಎಂಬ ಪ್ರಶ್ನೆ ಹಿಂದೆ ಬಿತ್ತು.

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಈ ಸೂಚನೆಯನ್ನು ಒಪ್ಪಲಿಲ್ಲ. ಬೆನ್ನುಮೂಳೆಯನ್ನು ಸ್ಥಿರವಾಗಿಡುವುದು ಒಂದು ಸ್ನಾಯುವಿನಿಂದ ಆಗುವ ಕೆಲಸವಲ್ಲ, ಸುತ್ತಲಿನ ಎಲ್ಲ ಸ್ನಾಯುಗಳೂ ಹದವಾಗಿ ಬಿಗಿಯಬೇಕು ಎಂದರು. ಸಿಟ್-ಅಪ್‌ನಲ್ಲಿ ಸುಮಾರು 3,300 ನ್ಯೂಟನ್ ಒತ್ತಡ ಬೆನ್ನುಮೂಳೆಯ ಮೇಲೆ ಬೀಳುತ್ತದೆಂದು ಲೆಕ್ಕ ಹಾಕಿದರು. ಹಂದಿಯ ಬೆನ್ನುಮೂಳೆಯನ್ನು ಯಂತ್ರದಲ್ಲಿಟ್ಟು ಸಾವಿರಾರು ಬಾರಿ ಬಾಗಿಸಿದಾಗ ಡಿಸ್ಕ್ ಜಾರಿದ್ದನ್ನೂ ಅವರ ಪ್ರಯೋಗಾಲಯ ಕಂಡಿತು. ಸತ್ತ ಮೂಳೆಗೆ ಚೇತರಿಕೆಯಿಲ್ಲ, ಹಾಗಾಗಿ ಇದನ್ನು ಬದುಕಿರುವ ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು, ಬಾಗುವುದಕ್ಕೇ ಹೆದರಬೇಕಿಲ್ಲ. ಆದರೂ ಅವರು ಸೂಚಿಸಿದ ಮೂರು ವ್ಯಾಯಾಮಗಳು, ಅಂದರೆ ಕೆಳಬೆನ್ನು ಅಲುಗದಂತೆ ತಲೆ-ಭುಜ ಕೊಂಚ ಎತ್ತುವುದು, ಪಕ್ಕದ ಪ್ಲಾಂಕ್, ಅಂಬೆಗಾಲಿನ ಭಂಗಿಯಲ್ಲಿ ಎದುರುಬದುರು ಕೈಕಾಲು ಚಾಚುವುದು, ಹೊಸಬರಿಗೆ ಇಂದಿಗೂ ಒಳ್ಳೆಯ ಆರಂಭ.

2010ರಲ್ಲಿ ಆಸ್ಟಿಯೋಪತಿ ಚಿಕಿತ್ಸಕ ಇಯಾಲ್ ಲೆಡರ್ಮನ್ ಕೋರ್ ಸ್ಥಿರತೆಯ ಕಲ್ಪನೆಯೇ ಮಿಥ್ಯೆ ಎಂದು ಬರೆದರು. ಅಷ್ಟು ಕಟುವಾಗಬೇಕಿರಲಿಲ್ಲ ಅನ್ನಿಸುತ್ತದೆ. ಆದರೆ ಅವರ ಆಕ್ಷೇಪಕ್ಕೆ ಬಲವಿತ್ತು: ದೀರ್ಘಕಾಲದ ಬೆನ್ನುನೋವಿನ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2016ರ ಕಾಕ್ರೇನ್ ಸಮೀಕ್ಷೆ, ಒಳಸ್ನಾಯುಗಳನ್ನು ಪಳಗಿಸುವ ವ್ಯಾಯಾಮಕ್ಕೂ ಇತರ ವ್ಯಾಯಾಮಗಳಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಸೇನೆಯೂ ಸಿಟ್-ಅಪ್ ಕೈಬಿಟ್ಟಿತು. 2022ರ ಹೊತ್ತಿಗೆ ಆ ಜಾಗದಲ್ಲಿ ಪ್ಲಾಂಕ್ ಇತ್ತು.

ಇಷ್ಟೆಲ್ಲ ವಾದಗಳ ನಡುವೆ ಹೊಸಬರಿಗೆ ದಕ್ಕುವುದು ಸರಳ. ಸ್ನಾಯು ಬಲಗೊಳಿಸುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ಲಾಂಕ್ ಕಷ್ಟವಾದರೆ ಮೊಣಕಾಲು ಊರಿ, ಅದೂ ಆಗದಿದ್ದರೆ ಗೋಡೆಗೆ ಕೈಯೊತ್ತಿ ಆರಂಭಿಸಿ. ಹತ್ತು ಸೆಕೆಂಡು ಹಿಡಿದು ಬಿಡಿ, ಮತ್ತೆ ಹಿಡಿಯಿರಿ. ಉಸಿರು ಕಟ್ಟಬೇಡಿ. ನಡು ಕುಸಿಯತೊಡಗಿದರೆ ಅಲ್ಲಿಗೆ ನಿಲ್ಲಿಸಿ. ನೋವು ಕಾಲಿಗಿಳಿಯುತ್ತಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ, ಇತ್ತೀಚೆಗೆ ಹೆರಿಗೆಯೋ ಶಸ್ತ್ರಚಿಕಿತ್ಸೆಯೋ ಆಗಿದ್ದರೆ ಮೊದಲು ವೈದ್ಯರನ್ನು ಕಾಣಿ.