ಬಾಂಧವ್ಯ ಆಧಾರಿತ ಆಪ್ತಸಮಾಲೋಚನೆ

ಬಾಂಧವ್ಯ ಆಧಾರಿತ ಆಪ್ತಸಮಾಲೋಚನೆಯು ಬಾಲ್ಯದಲ್ಲಿ ಪೋಷಕರೊಂದಿಗೆ ಬೆಳೆದ ನಂಟಿನ ಸ್ವರೂಪವನ್ನು ಅರಿತು, ವ್ಯಕ್ತಿಗಳ ನಡುವಿನ ಸಂಬಂಧಗಳಲ್ಲಿ ಭಾವನಾತ್ಮಕ ಸುರಕ್ಷತೆಯನ್ನು ಮರಳಿ ಕಟ್ಟಲು ನೆರವಾಗುವ ಸಮಾಲೋಚನಾ ವಿಧಾನವಾಗಿದೆ. ಇದಕ್ಕೆ ತಳಹದಿಯಾಗಿರುವುದು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ (1907–1990) ರೂಪಿಸಿದ ಬಾಂಧವ್ಯ ಸಿದ್ಧಾಂತ. ದಾಂಪತ್ಯ ಕಲಹ, ಪೋಷಕರು ಮತ್ತು ಮಕ್ಕಳ ನಡುವಿನ ಬಿರುಕು, ಅಗಲಿಕೆಯ ದುಃಖ ಮುಂತಾದ ಸಂದರ್ಭಗಳಲ್ಲಿ ಇದನ್ನು ಬಳಸಲಾಗುತ್ತದೆ. ದುಡಿಮೆಗಾಗಿ ವಲಸೆ ಹೋಗುವ ಕುಟುಂಬಗಳು ಹೆಚ್ಚಿರುವ ವಿಜಯಪುರದಂತಹ ಜಿಲ್ಲೆಗಳಲ್ಲಿ ಮಕ್ಕಳ ಪಾಲನೆಯನ್ನು ಅರ್ಥಮಾಡಿಕೊಳ್ಳಲು ಈ ಸಿದ್ಧಾಂತವು ಉಪಯುಕ್ತವಾಗಿದೆ.

ಪರಿಭಾಷೆ

ಮಗು ಭಯಗೊಂಡಾಗ, ದಣಿದಾಗ ಅಥವಾ ನೋವಾದಾಗ ನಿರ್ದಿಷ್ಟ ವ್ಯಕ್ತಿಯ ಸಾಮೀಪ್ಯವನ್ನು ಬಯಸುವ ಸಹಜ ಪ್ರವೃತ್ತಿಯನ್ನು ಈ ಶಾಸ್ತ್ರದಲ್ಲಿ 'ಬಾಂಧವ್ಯ' ಎನ್ನಲಾಗುತ್ತದೆ. ಇದು ಪ್ರೀತಿಗೆ ಮತ್ತೊಂದು ಹೆಸರಲ್ಲ; ರಕ್ಷಣೆಗೆ ಸಂಬಂಧಿಸಿದ ವ್ಯವಸ್ಥೆ. ಮಗುವಿಗೆ ಆಸರೆಯಾಗುವ ವ್ಯಕ್ತಿಯನ್ನು 'ಸುರಕ್ಷಿತ ನೆಲೆ' ಎಂದು ಕರೆಯುತ್ತಾರೆ. ಮಗು ಆ ನೆಲೆಯಿಂದ ಹೊರಟು ಜಗತ್ತನ್ನು ನೋಡುತ್ತದೆ, ಅಂಜಿಕೆಯಾದಾಗ ಅಲ್ಲಿಗೇ ಮರಳುತ್ತದೆ. 'ಭಾವನಾತ್ಮಕ ಸುರಕ್ಷತೆ' ಎಂದರೆ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡರೆ ಅಪಹಾಸ್ಯ, ಶಿಕ್ಷೆ ಅಥವಾ ತಿರಸ್ಕಾರ ಎದುರಾಗದು ಎಂಬ ಭರವಸೆ.

ಇತಿಹಾಸ

ಶ್ರೀಮಂತ ಕುಟುಂಬದಲ್ಲಿ ಜನಿಸಿದ ಬೌಲ್ಬಿ ದಾದಿಯ ಆರೈಕೆಯಲ್ಲಿ ಬೆಳೆದವರು. ಅವರಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಅಚ್ಚುಮೆಚ್ಚಿನ ದಾದಿ ಕೆಲಸ ಬಿಟ್ಟು ಹೋದಳು. ಬಾಲ್ಯದಲ್ಲಿಯೇ ಅವರನ್ನು ವಸತಿ ಶಾಲೆಗೆ ಸೇರಿಸಲಾಯಿತು. ಎರಡನೆಯ ಮಹಾಯುದ್ಧದ ತರುವಾಯ ಮನೆಯಿಲ್ಲದ ಮಕ್ಕಳ ಕುರಿತು ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಸಿದ್ಧಪಡಿಸಿದ ವರದಿ 1951ರಲ್ಲಿ ಪ್ರಕಟವಾಯಿತು. ಬಾಂಧವ್ಯ ಮತ್ತು ಅಗಲಿಕೆಯನ್ನು ಕುರಿತ ಅವರ ಮೂರು ಸಂಪುಟಗಳು 1969, 1973 ಮತ್ತು 1980ರಲ್ಲಿ ಹೊರಬಂದವು.

ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆಗೆ ದಾಖಲಾದ ಎರಡು ವರ್ಷದ ಬಾಲಕಿಯೊಬ್ಬಳನ್ನು ಕುರಿತು 1952ರಲ್ಲಿ ಸಾಕ್ಷ್ಯಚಿತ್ರವನ್ನು ತಯಾರಿಸಿದರು. ಪೋಷಕರಿಂದ ದೂರವಾದ ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ, ಬಳಿಕ ಹತಾಶೆಯಿಂದ ಮೌನವಾಗುತ್ತದೆ, ಕೊನೆಗೆ ಭಾವನೆಗಳನ್ನು ಮುಚ್ಚಿಕೊಂಡು ನಿರ್ಲಿಪ್ತವಾಗುತ್ತದೆ ಎಂಬುದನ್ನು ಅವರು ಗುರುತಿಸಿದರು. 'ಮಗು ಹೊಂದಿಕೊಂಡಿದೆ' ಎಂದು ಹಿರಿಯರು ಸಮಾಧಾನಪಡುವ ಸ್ಥಿತಿಯು ಕೆಲವೊಮ್ಮೆ ಈ ಮೂರನೆಯ ಹಂತವಾಗಿರಬಹುದು. ಆಸ್ಪತ್ರೆಗಳಲ್ಲಿ ಮಕ್ಕಳೊಡನೆ ತಾಯಂದಿರು ಉಳಿಯಲು ಅವಕಾಶ ದೊರೆಯುವಲ್ಲಿ ಈ ಚಿತ್ರದ ಪಾತ್ರ ದೊಡ್ಡದು.

ಮೇರಿ ಏನ್ಸ್‌ವರ್ತ್ (1913–1999) ಅವರು 1954–55ರಲ್ಲಿ ಉಗಾಂಡಾದ ಹಳ್ಳಿಗಳಲ್ಲಿ, ಅನಂತರ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ ಮತ್ತು ಮಗುವಿನ ಒಡನಾಟವನ್ನು ಮನೆಗಳಲ್ಲಿಯೇ ಅವಲೋಕಿಸಿದರು. ತಾಯಿ ಸ್ವಲ್ಪ ಹೊತ್ತು ಕೋಣೆಯಿಂದ ಹೊರಹೋಗಿ ಮರಳಿದಾಗ ಮಗು ಹೇಗೆ ವರ್ತಿಸುತ್ತದೆ ಎಂಬುದನ್ನು ಗಮನಿಸುವ, ಸುಮಾರು 20 ನಿಮಿಷಗಳ ಪ್ರಯೋಗ ವಿಧಾನವನ್ನು ರೂಪಿಸಿದವರೂ ಅವರೇ. ವಯಸ್ಕರ ಪ್ರೇಮ ಸಂಬಂಧಗಳಿಗೆ ಈ ಸಿದ್ಧಾಂತವನ್ನು ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ಅನ್ವಯಿಸಿದರು. 1980ರ ದಶಕದಲ್ಲಿ ಕೆನಡಾದಲ್ಲಿ ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ದಂಪತಿಗಳಿಗಾಗಿ ಭಾವನಾ ಕೇಂದ್ರಿತ ಚಿಕಿತ್ಸೆಯನ್ನು ರೂಪಿಸಿದರು.

ಬಾಂಧವ್ಯದ ಮಾದರಿಗಳು

ಏನ್ಸ್‌ವರ್ತ್ ಮೂರು ಮಾದರಿಗಳನ್ನು ಹೆಸರಿಸಿದರು. ನಾಲ್ಕನೆಯದನ್ನು ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ ಸೇರಿಸಿದರು.

• ಸುರಕ್ಷಿತ ಬಾಂಧವ್ಯ: ಮಗು ಅಗಲಿಕೆಯಿಂದ ಕಳವಳಗೊಂಡರೂ ಪೋಷಕರು ಮರಳಿದಾಗ ಬೇಗ ಸಮಾಧಾನಗೊಂಡು ಆಟಕ್ಕೆ ತೊಡಗುತ್ತದೆ.
• ವಿಮುಖ ಬಾಂಧವ್ಯ: ಮಗು ಪೋಷಕರ ಕಡೆಗೆ ಗಮನವನ್ನೇ ಕೊಡದಂತೆ ಕಾಣುತ್ತದೆ; ಒಳಗಿನ ಆತಂಕವನ್ನು ತೋರಗೊಡುವುದಿಲ್ಲ.
• ಆತಂಕಭರಿತ ಬಾಂಧವ್ಯ: ಮಗು ಅಂಟಿಕೊಳ್ಳುತ್ತದೆ, ಅದೇ ವೇಳೆ ಸಿಟ್ಟಾಗುತ್ತದೆ, ಎತ್ತಿಕೊಂಡರೂ ಸಮಾಧಾನಗೊಳ್ಳುವುದಿಲ್ಲ.
• ಅಸ್ತವ್ಯಸ್ತ ಬಾಂಧವ್ಯ: ಆಸರೆಯಾಗಬೇಕಾದ ವ್ಯಕ್ತಿಯೇ ಭಯಕ್ಕೆ ಕಾರಣವಾದಾಗ ಮಗುವಿಗೆ ಓಡಿಹೋಗಲೂ ಆಗದೆ ಹತ್ತಿರ ಬರಲೂ ಆಗದೆ ಗೊಂದಲವುಂಟಾಗುತ್ತದೆ.

ಇವು ರೋಗಗಳಲ್ಲ, ಮಗುವಿನ ಹಣೆಬರಹವೂ ಅಲ್ಲ. ನಂಬಿಗಸ್ತ ಗೆಳೆತನ, ಒಳ್ಳೆಯ ದಾಂಪತ್ಯ ಅಥವಾ ಸಮಾಲೋಚನೆಯ ಮೂಲಕ ವಯಸ್ಕರಾದ ಮೇಲೂ ಸುರಕ್ಷತೆಯನ್ನು ಗಳಿಸಿಕೊಳ್ಳಲು ಸಾಧ್ಯವಿದೆ.

ವಿಧಾನ

ಸಮಾಲೋಚಕರು ಮೊದಲು ತಮ್ಮೊಡನೆ ಮಾತನಾಡುವುದು ಸುರಕ್ಷಿತವೆಂಬ ನಂಬಿಕೆಯನ್ನು ಮೂಡಿಸುತ್ತಾರೆ. ಗೋಪ್ಯತೆ, ನಿಗದಿತ ಸಮಯ ಮತ್ತು ತೀರ್ಪು ನೀಡದ ಆಲಿಸುವಿಕೆ ಇದರ ಮೊದಲ ಅಂಗಗಳು. ಅನಂತರ ಜಗಳದ ವಿಷಯಕ್ಕಿಂತ ಜಗಳದ ಸುತ್ತನ್ನು ಗುರುತಿಸಲಾಗುತ್ತದೆ. ಒಬ್ಬರು ದೂರುತ್ತ ಬೆನ್ನು ಹತ್ತುತ್ತಾರೆ, ಇನ್ನೊಬ್ಬರು ಮೌನವಾಗಿ ಹಿಂದೆ ಸರಿಯುತ್ತಾರೆ. ಮೌನ ಹೆಚ್ಚಿದಂತೆ ದೂರು ಹೆಚ್ಚುತ್ತದೆ, ದೂರು ಹೆಚ್ಚಿದಂತೆ ಮೌನ ಗಟ್ಟಿಯಾಗುತ್ತದೆ. 'ನಿಮಗೆ ಮನೆಯ ಕಾಳಜಿಯೇ ಇಲ್ಲ' ಎಂಬ ಮಾತಿನ ಹಿಂದೆ 'ನಾನು ಒಂಟಿಯಾಗಿದ್ದೇನೆ' ಎಂಬ ಅಂಜಿಕೆಯೂ, ಮೌನದ ಹಿಂದೆ 'ಏನು ಮಾಡಿದರೂ ತಪ್ಪೇ ಆಗುತ್ತದೆ' ಎಂಬ ಸೋಲಿನ ಭಾವವೂ ಇರಬಹುದು. ಈ ಒಳಭಾವವನ್ನು ಪರಸ್ಪರ ಹೇಳಿಕೊಳ್ಳಲು ಮತ್ತು ಕೇಳಿಸಿಕೊಳ್ಳಲು ಕಲಿಸುವುದು ಮುಖ್ಯ ಹಂತ. ಮನಸ್ತಾಪವೇ ಇಲ್ಲದ ಸಂಬಂಧ ಈ ವಿಧಾನದ ಗುರಿಯಲ್ಲ. ಮನಸ್ತಾಪವಾದ ಮೇಲೆ ಮರಳಿ ಕೂಡಿಕೊಳ್ಳುವ ಶಕ್ತಿ ಅದರ ಗುರಿ.

ವಿಜಯಪುರ ಪ್ರದೇಶದ ಸಂದರ್ಭ

ವಿಜಯಪುರ ನಗರ ಹಾಗೂ ಹಿಂದೆ ಅದೇ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವ ತಿಕೋಟಾ ಮತ್ತು ಬಬಲೇಶ್ವರ ಪ್ರದೇಶಗಳಲ್ಲಿ ಮಗುವಿನ ಪಾಲನೆ ತಾಯಿಯೊಬ್ಬಳ ಹೊಣೆಯಾಗಿ ಉಳಿದಿಲ್ಲ. ಚೊಚ್ಚಲ ಬಸುರಿಗೆ ಕುಬಸ ಮಾಡಿ ತವರಿಗೆ ಕರೆದೊಯ್ಯುವ ಪದ್ಧತಿಯಿರುವುದರಿಂದ ಮಗುವಿನ ಮೊದಲ ತಿಂಗಳುಗಳು ಅಜ್ಜಿಯ ಆರೈಕೆಯಲ್ಲಿ ಕಳೆಯುತ್ತವೆ. ಕೂಡು ಕುಟುಂಬಗಳಲ್ಲಿ ಅಜ್ಜಿಯನ್ನೇ 'ಅವ್ವ' ಎಂದು ಕರೆಯುವ ಮಕ್ಕಳೂ ಇರುತ್ತಾರೆ. ಮಗು ಒಬ್ಬರಿಗಿಂತ ಹೆಚ್ಚು ಜನರೊಂದಿಗೆ ಗಾಢ ಬಾಂಧವ್ಯ ಬೆಳೆಸಿಕೊಳ್ಳಬಲ್ಲದು ಎಂಬ ಸಂಶೋಧನೆಯ ನಿಲುವಿಗೆ ಇದು ಪೂರಕವಾಗಿದೆ.

ಇದಕ್ಕೆ ವ್ಯತಿರಿಕ್ತವಾದುದು ಗುಳೆ. ತಿಕೋಟಾ ಭಾಗವು ದ್ರಾಕ್ಷಿ ಬೆಳೆಗೆ ಹೆಸರಾಗಿದ್ದರೂ ಜಿಲ್ಲೆಯು ಬರಪೀಡಿತವಾಗಿದ್ದು, ಹಳ್ಳಿಗಳಿಂದ ಮತ್ತು ಲಂಬಾಣಿ ತಾಂಡಾಗಳಿಂದ ಅನೇಕ ಕುಟುಂಬಗಳು ಮಹಾರಾಷ್ಟ್ರ ಮತ್ತು ಗೋವಾಗಳಿಗೆ ದುಡಿಯಲು ಹೋಗುತ್ತವೆ. ಕಬ್ಬು ಕಡಿಯುವ ಕೆಲಸವನ್ನು ಸಾಮಾನ್ಯವಾಗಿ ಗಂಡಹೆಂಡತಿ ಜೋಡಿಯಾಗಿ ಮಾಡುತ್ತಾರೆ; ಹಂಗಾಮು ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯವರೆಗೂ ನಡೆಯುತ್ತದೆ. ಹೀಗಾಗಿ ಶಾಲೆಗೆ ಹೋಗುವ ಮಗುವಿಗೆ ತಂದೆತಾಯಿ ಇಬ್ಬರೂ ಒಮ್ಮೆಗೇ ದೂರವಾಗುತ್ತಾರೆ, ಕೂಸು ಮಾತ್ರ ತಾಯಿಯೊಡನೆ ಕಬ್ಬಿನ ಹೊಲದ ಗುಡಿಸಲಿಗೆ ಹೋಗುತ್ತದೆ. ಊರಿನಲ್ಲಿ ಉಳಿದ ಮಗುವಿಗೆ ಒಡಹುಟ್ಟಿದವರಲ್ಲಿ ತನ್ನನ್ನೇ ಬಿಟ್ಟುಹೋದರೆಂಬ ನೋವು ಉಂಟಾಗಬಹುದು.

ಇಂತಹ ಸಂದರ್ಭದಲ್ಲಿ ಅಗಲಿಕೆಗಿಂತ ಅದು ನಡೆಯುವ ರೀತಿಯೇ ಅನೇಕ ವೇಳೆ ಹೆಚ್ಚು ಘಾಸಿಮಾಡುತ್ತದೆ. ಮಗು ಮಲಗಿದ್ದಾಗ ಅಥವಾ ಶಾಲೆಗೆ ಹೋದಾಗ ಹೇಳದೆ ಹೊರಟರೆ ಅಳು ತಪ್ಪುತ್ತದೆ ಎಂದು ಹಿರಿಯರು ಭಾವಿಸುವುದುಂಟು. ಆದರೆ ಯಾರು ಯಾವಾಗ ಕಾಣೆಯಾಗುವರೋ ಎಂಬ ಅಂಜಿಕೆ ಮಗುವಿನಲ್ಲಿ ಉಳಿಯುತ್ತದೆ. ಹೋಗುವುದನ್ನು ಮುಂಚಿತವಾಗಿ ತಿಳಿಸುವುದು, ಮರಳುವ ಕಾಲವನ್ನು ಯುಗಾದಿ ಅಥವಾ ಊರ ಜಾತ್ರೆಯಂತಹ ಮಗುವಿಗೆ ಗೊತ್ತಿರುವ ಗುರುತಿನಿಂದ ಹೇಳುವುದು, ನಿಗದಿತ ವೇಳೆಗೆ ಫೋನ್ ಮಾಡುವುದು, ತಾಯಿಯ ಸೀರೆ ಅಥವಾ ಕೌದಿಯನ್ನು ಮಗುವಿನ ಬಳಿ ಇರಿಸುವುದು ಮತ್ತು ಪಾಲಕರನ್ನು ಪದೇ ಪದೇ ಬದಲಿಸದಿರುವುದು ಈ ಸಿದ್ಧಾಂತಕ್ಕೆ ಹೊಂದುವ ಕ್ರಮಗಳಾಗಿವೆ. ಮರಳಿ ಬಂದ ತಾಯಿಯ ಬಳಿಗೆ ಮಗು ಕೂಡಲೇ ಬಾರದಿದ್ದರೆ ಅದನ್ನು ಹಟ ಅಥವಾ ಮರೆವು ಎಂದು ತಿಳಿಯದೆ, ನಂಟು ಮತ್ತೆ ಬೆಸೆಯಲು ಕಾಲಾವಕಾಶ ನೀಡಬೇಕಾಗುತ್ತದೆ.

ಚಿಕ್ಕ ವಯಸ್ಸಿನಲ್ಲಿಯೇ ವಸತಿ ಶಾಲೆ ಸೇರುವ ಮಕ್ಕಳಿಗೂ ಇದು ಅನ್ವಯಿಸುತ್ತದೆ. 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆಗೆ ಮಕ್ಕಳು ಆರನೆಯ ತರಗತಿಗೇ ಸೇರುತ್ತಾರೆ. ವಸತಿ ಶಾಲೆಗಳಲ್ಲಿ ನಿಲಯಪಾಲಕರು ಮತ್ತು ಶಿಕ್ಷಕರು ಮಗುವಿನ ಪಾಲಿಗೆ ಎರಡನೆಯ ಆಸರೆಯಾಗಬಲ್ಲರು. ಉದ್ಯೋಗ ಖಾತರಿ ಯೋಜನೆಯ ಕೂಲಿಕಾರರ ಚಿಕ್ಕ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲಾದ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರಗಳಲ್ಲಿಯೂ ಆರೈಕೆದಾರರ ನಿರಂತರತೆ ಅಷ್ಟೇ ಮುಖ್ಯ.

ಭಾಷೆಯೂ ಇಲ್ಲಿ ಗಮನಾರ್ಹ. ಈ ಭಾಗದ ಜನರು ಮನಸ್ಸಿನ ನೋವನ್ನು 'ಎದಿ ಹೊಡಕೋತದ', 'ಜೀವಕ್ಕ ಸಮಾಧಾನಿಲ್ಲ', 'ಊಟ ಸೇರವಲ್ದು' ಎಂದು ದೇಹದ ಮಾತುಗಳಲ್ಲಿ ಹೇಳಿಕೊಳ್ಳುವುದು ಸಾಮಾನ್ಯ. ಪುಸ್ತಕದ ಪರಿಭಾಷೆಯನ್ನು ಬಳಸುವುದಕ್ಕಿಂತ ಈ ಮಾತುಗಳ ಜಾಡು ಹಿಡಿದು ಕೇಳುವುದರಿಂದ ಸಂಭಾಷಣೆ ಸುಗಮವಾಗುತ್ತದೆ.

ಟೀಕೆಗಳು ಮತ್ತು ಮಿತಿಗಳು

ಆರಂಭದ ಬರಹಗಳು ತಾಯಿಯ ಮೇಲೆಯೇ ಎಲ್ಲ ಹೊಣೆಯನ್ನು ಹೊರಿಸಿದವೆಂದು ಸ್ತ್ರೀವಾದಿ ಚಿಂತಕರು ಆಕ್ಷೇಪಿಸಿದ್ದಾರೆ. ಪಾಶ್ಚಾತ್ಯ ಮಧ್ಯಮವರ್ಗದ ಪುಟ್ಟ ಕುಟುಂಬವನ್ನು ಅಳತೆಗೋಲಾಗಿಸಿಕೊಂಡುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞೆ ಹೈಡಿ ಕೆಲ್ಲರ್ ಪ್ರಶ್ನಿಸಿದ್ದಾರೆ. ಬಡತನ, ಸಾಲ ಮತ್ತು ಮುಂಗಡದ ಹಂಗಿನಿಂದ ಊರು ಬಿಡುವ ಪೋಷಕರನ್ನು ನಿರ್ಲಕ್ಷ್ಯದವರೆಂದು ಕರೆಯುವುದು ಸಿದ್ಧಾಂತದ ದುರ್ಬಳಕೆಯಾಗುತ್ತದೆ.

ಮನೆಯಲ್ಲಿ ಹಿಂಸೆ ನಡೆಯುತ್ತಿರುವಾಗ ದಂಪತಿಗಳನ್ನು ಒಟ್ಟಿಗೆ ಕೂರಿಸಿ ಮನಸ್ಸು ಬಿಚ್ಚಿ ಮಾತನಾಡಲು ಹೇಳುವುದು ಅಪಾಯಕಾರಿ; ಅಲ್ಲಿ ಹೇಳಿದ ಮಾತಿಗೆ ಮನೆಯಲ್ಲಿ ಏಟು ಬೀಳಬಹುದು. ಅಂತಹ ಸಂದರ್ಭದಲ್ಲಿ ಸಂಬಂಧದ ದುರಸ್ತಿಗಿಂತ ವ್ಯಕ್ತಿಯ ರಕ್ಷಣೆ ಮೊದಲು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005 ಇದಕ್ಕೆ ಕಾನೂನಿನ ನೆರವು ಒದಗಿಸುತ್ತದೆ.

'ಸಂಬಂಧ ತರಬೇತುದಾರ' ಅಥವಾ 'ಕೋಚ್' ಎಂಬ ಹೆಸರಿನಲ್ಲಿ ಸೇವೆ ನೀಡುವುದು ಮನೋಚಿಕಿತ್ಸೆಗೆ ಸಮಾನವಲ್ಲ. ಭಾರತದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಆದ್ದರಿಂದ ಶುಲ್ಕ ಪಾವತಿಸುವ ಮುನ್ನ ವಿದ್ಯಾರ್ಹತೆ ಮತ್ತು ನೋಂದಣಿಯನ್ನು ವಿಚಾರಿಸುವುದು ಸೂಕ್ತ. ತೀವ್ರ ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆ ಇರುವವರನ್ನು ಮನೋವೈದ್ಯರ ಬಳಿಗೆ ಕಳುಹಿಸಬೇಕು.

ನೆರವಿನ ವ್ಯವಸ್ಥೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಕುಟುಂಬ ಚಿಕಿತ್ಸೆ ಮತ್ತು ತರಬೇತಿಯಲ್ಲಿ ರಾಜ್ಯದ ಪ್ರಮುಖ ಕೇಂದ್ರವಾಗಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಕರ್ನಾಟಕದ ಜಿಲ್ಲೆಗಳಲ್ಲಿ ಜಾರಿಯಲ್ಲಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡದಲ್ಲಿಯೂ ಉಚಿತವಾಗಿ ದೊರೆಯುತ್ತದೆ. ಮಕ್ಕಳ ರಕ್ಷಣೆಗೆ 1098, ಮಹಿಳೆಯರಿಗೆ 181 ಮತ್ತು ತುರ್ತು ಸಂದರ್ಭಕ್ಕೆ 112 ಸಂಖ್ಯೆಗಳಿಗೆ ಕರೆ ಮಾಡಬಹುದು.

ಇವನ್ನೂ ನೋಡಿ

• ಮನಶ್ಶಾಸ್ತ್ರ
• ಆಪ್ತಸಮಾಲೋಚನೆ
• ನಿಮ್ಹಾನ್ಸ್
• ವಿಜಯಪುರ ಜಿಲ್ಲೆ