ವಯನಾಡಿನ ಸೈಕಲ್ ದಾರಿಗಳು: ಏರು ಹೇಳುವ ಚರಿತ್ರೆ

ಗೇರ್ ಸೈಕಲ್ ಏರಿ, ತಲೆಗೆ ಹೆಲ್ಮೆಟ್ ಕಟ್ಟಿ ವಯನಾಡಿನ ರಸ್ತೆಗಳಲ್ಲಿ ಸಾಗುವ ಯುವಕ ಯುವತಿಯರನ್ನು ಈಗ ಕಾಣಬಹುದು. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾತ್ರೆಯೂ ಕೆಲವು ವರ್ಷ ಸುಲ್ತಾನ್ ಬತ್ತೇರಿಯ ಮೂಲಕ ಹಾದುಹೋಗಿದೆ. ಈ ದಾರಿಗಳ ಬಗ್ಗೆ ಬರೆಯುವವರು ಎಷ್ಟು ಕಿಲೋಮೀಟರ್, ಎಷ್ಟು ತಿರುವು, ಎಲ್ಲಿ ಚಹಾ ಸಿಗುತ್ತದೆ ಎಂದು ಬರೆಯುತ್ತಾರೆ. ಅದೂ ಬೇಕಾದ ಮಾಹಿತಿಯೇ. ಆದರೆ ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಸಮಾಜ ಪಾಠ ಹೇಳುವ ನಮಗೆ ಈ ದಾರಿಗಳಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಯಾವ ದಾರಿ ಕಡಿದಾದ ಏರು, ಯಾವ ದಾರಿ ಸಮ ಎಂದು ನೋಡುತ್ತಾ ಹೋದರೆ ವಯನಾಡಿನ ಚರಿತ್ರೆಯ ದೊಡ್ಡ ಭಾಗವೇ ತಿಳಿಯುತ್ತದೆ.

ಎರಡು ದಿಕ್ಕು, ಎರಡು ಅನುಭವ

ಮೊದಲು ಪೂರ್ವದಿಂದ ಬರೋಣ. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ, ಮುತ್ತಂಗ ದಾಟಿ ಸುಲ್ತಾನ್ ಬತ್ತೇರಿಗೆ ನೂರಕ್ಕೂ ಹೆಚ್ಚು ಕಿ.ಮೀ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ ಬತ್ತೇರಿ ಸುಮಾರು 900 ಮೀಟರ್. ಅಷ್ಟು ದೂರಕ್ಕೆ ಇಷ್ಟೇ ಏರು! ಸೈಕಲ್ ತುಳಿಯುವವನಿಗೆ ತಾನು ಬೆಟ್ಟದ ನಾಡಿಗೆ ಬಂದೆ ಎಂದು ತಿಳಿಯುವುದೇ ಇಲ್ಲ. ಎಚ್.ಡಿ. ಕೋಟೆಯಿಂದ ಬಾವಲಿ ಮೂಲಕ ಮಾನಂತವಾಡಿಗೆ, ಕೊಡಗಿನ ಕುಟ್ಟದಿಂದ ತೋಲ್ಪೆಟ್ಟಿ ಮೂಲಕ ಕಾಟ್ಟಿಕ್ಕುಳಕ್ಕೆ ಬರುವ ದಾರಿಗಳೂ ಹೀಗೆಯೇ. ಕಾಡು ಉಂಟು, ಘಾಟಿ ಇಲ್ಲ.

ಇನ್ನು ಪಶ್ಚಿಮದಿಂದ ಬನ್ನಿ. ಕಲ್ಲಿಕೋಟೆಯ ಕಡೆಯಿಂದ ಅಡಿವಾರ ಮುಟ್ಟಿದಿರೋ, ಅಲ್ಲಿಂದ ಲಕ್ಕಿಡಿಯವರೆಗೆ ಸುಮಾರು 12 ಕಿ.ಮೀ.ಯಲ್ಲಿ 600 ಮೀಟರಿನಷ್ಟು ಏರಬೇಕು. ಇದೇ ಒಂಬತ್ತು ಹೇರ್‌ಪಿನ್ ತಿರುವುಗಳ ತಾಮರಶ್ಶೇರಿ ಚುರಂ. (ಮಲಯಾಳದಲ್ಲಿ ಚುರಂ ಎಂದರೆ ಘಾಟಿ.) ಕುಟ್ಟ್ಯಾಡಿ ಚುರಂ, ಪೇರ್ಯ ಚುರಂ, ಕೊಟ್ಟಿಯೂರಿನಿಂದ ಹತ್ತುವ ಪಾಲ್‌ಚುರಂ ಎಲ್ಲವೂ ಇದೇ ಬಗೆಯವು. ಪಾಲ್‌ಚುರಂ ಉದ್ದದಲ್ಲಿ ಚಿಕ್ಕದು, ಕಡಿದಿನಲ್ಲಿ ಯಾವುದಕ್ಕೂ ಕಡಿಮೆಯಲ್ಲ.

ಕಾರಣ ಸರಳ. ವಯನಾಡು ಭೂಗೋಳದ ಪ್ರಕಾರ ಮೈಸೂರು ಪ್ರಸ್ಥಭೂಮಿಯ ಪಶ್ಚಿಮದ ಅಂಚು. ಕೇರಳದ ನದಿಗಳಲ್ಲಿ ಪೂರ್ವಕ್ಕೆ ಹರಿಯುವುದು ಮೂರೇ: ಕಬಿನಿ, ಭವಾನಿ, ಪಾಂಬಾರ್. ವಯನಾಡಿನ ನೀರು ಬಹುಪಾಲು ಕಬಿನಿ ಸೇರಿ ತಿರುಮಕೂಡಲಿನಲ್ಲಿ ಕಾವೇರಿಗೆ ಕೂಡುತ್ತದೆ. ನೀರು ಹರಿಯುವ ಕಡೆಗೆ ಜನರ ನಡೆದಾಟವೂ ಸುಲಭವಲ್ಲವೇ?

ಬಯಲ್ನಾಡು

ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ನಾಡಿನ ಹೆಸರು ಬಯಲ್ನಾಡು. ಮಲಯಾಳದ ‘ವಯಲ್’, ಕನ್ನಡದ ‘ಬಯಲು’ ಒಂದೇ ಬೇರಿನ ಪದಗಳು. ಸಮವಾದ ಪೂರ್ವದ ದಾರಿಗಳಲ್ಲಿ ಕನ್ನಡ ನಾಡಿನ ಜೈನರು ಇಲ್ಲಿಗೆ ಬಂದು ನೆಲೆಸಿದರು. ಸುಲ್ತಾನ್ ಬತ್ತೇರಿಯ ಕಲ್ಲಿನ ಜೈನ ಬಸದಿ, ಕಲ್ಪೆಟ್ಟ ಬಳಿಯ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿ ಇದಕ್ಕೆ ಸಾಕ್ಷಿ. ಪನಮರಂ ಸಮೀಪದ ಎರಡು ಹಳೆಯ ಕಲ್ಲಿನ ದೇವಾಲಯಗಳನ್ನು ಇಂದಿಗೂ ಜನಾರ್ದನ ಗುಡಿ, ವಿಷ್ಣು ಗುಡಿ ಎಂದೇ ಕರೆಯುತ್ತಾರೆ. ಕಾಡಿನಲ್ಲಿ ಬಾಳುವ ಬೆಟ್ಟ ಕುರುಂಬರು, ಕಾಟ್ಟುನಾಯ್ಕರ ಮಾತಿಗೆ ಕಿವಿಗೊಟ್ಟರೆ ಕನ್ನಡದ ನಂಟು ಕೇಳಿಸುತ್ತದೆ. 1956ರ ನವೆಂಬರ್ 1ರಂದು ಎಳೆದ ರಾಜ್ಯದ ಗಡಿಗಿಂತ ಈ ನಂಟು ಬಹಳ ಹಳೆಯದು.

ಫಿರಂಗಿ ಬಂದ ದಾರಿ

ಹೈದರಾಲಿ 1766ರಲ್ಲಿ ಮಲಬಾರಿಗೆ ದಂಡೆತ್ತಿ ಬಂದ. ಅವನ ಮಗ ಟಿಪ್ಪು ಮಲಬಾರಿನಲ್ಲಿ ರಸ್ತೆಗಳನ್ನು ಮಾಡಿಸಿದ್ದನ್ನು ವಿಲಿಯಂ ಲೋಗನ್ 1887ರಲ್ಲಿ ಪ್ರಕಟವಾದ ‘ಮಲಬಾರ್ ಮ್ಯಾನುಯಲ್’ನಲ್ಲಿ ದಾಖಲಿಸಿದ್ದಾನೆ. ಫಿರಂಗಿ ಎಳೆಯುವ ಎತ್ತುಗಳಿಗೆ ಕಾಲುದಾರಿ ಸಾಲದು, ಅಗಲದ ದಾರಿಯೇ ಬೇಕು. ಗಣಪತಿವಟ್ಟಂ ಎಂಬ ಊರು ಸುಲ್ತಾನನ ಬ್ಯಾಟರಿಯಾಗಿ ‘ಸುಲ್ತಾನ್ ಬತ್ತೇರಿ’ ಎಂಬ ಹೆಸರು ಪಡೆದದ್ದೂ ಆಗಲೇ.

1799ರಲ್ಲಿ ಟಿಪ್ಪು ಮಡಿದ ಮೇಲೆ ವಯನಾಡು ಮೊದಲು ಮೈಸೂರಿನ ಪಾಲಿಗೆ ಬಂತು. 1803ರ ಒಪ್ಪಂದದಲ್ಲಿ ಅದು ಕಂಪನಿ ಸರಕಾರಕ್ಕೆ ಹೋಯಿತು. ಆ ಹೊತ್ತಿಗೆ ಪಳಶ್ಶಿ ರಾಜ ಈ ಕಾಡುಗಳಲ್ಲಿ ಕಂಪನಿಯ ವಿರುದ್ಧ ಹೋರಾಡುತ್ತಿದ್ದ. ಕುರಿಚ್ಯರ ಬಿಲ್ಲುಗಳು ಅವನ ಬಲ. 1802ರಲ್ಲಿ ತಲಕ್ಕಲ್ ಚಂದು, ಎಡಚ್ಚೇನ ಕುಂಙನ್ ಅವರ ಪಡೆ ಪನಮರಂ ಕೋಟೆಯನ್ನೇ ಹಿಡಿಯಿತು. ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ 1815ರಲ್ಲಿ ವಾಟರ್ಲೂ ಕದನ ಗೆದ್ದವನೇ, ದಾರಿಗಳಿಲ್ಲದೆ ಈ ನಾಡನ್ನು ಹಿಡಿದಿಡಲಾಗದು ಎಂದರಿತು ಕಾಡು ಸೀಳಿ ರಸ್ತೆ ಮಾಡಿಸಲು ಒತ್ತುಕೊಟ್ಟ. 1805ರ ನವೆಂಬರ್ 30ರಂದು ಪಳಶ್ಶಿ ರಾಜ ಪುಲ್ಪಳ್ಳಿ ಸಮೀಪದ ಮಾವಿಲತೋಡು ಎಂಬಲ್ಲಿ ಮಡಿದ. ಅವನ ಸಮಾಧಿ ಮಾನಂತವಾಡಿಯಲ್ಲಿದೆ. ಬಾವಲಿ ದಾರಿಯಾಗಿ ಬರುವ ಸೈಕಲ್ ಸವಾರರು ಅಲ್ಲಿ ಅರ್ಧ ಗಂಟೆ ನಿಲ್ಲಲೇಬೇಕು.

ಯುದ್ಧ ಮುಗಿದ ಮೇಲೆ ತೋಟಗಳು ಬಂದವು. ಕಾಫಿ, ಮೆಣಸು, ಚಹಾ ತಲಚೇರಿ, ಕಲ್ಲಿಕೋಟೆಯ ಬಂದರಿಗೆ ಇಳಿಯಬೇಕಿತ್ತು. ಪಶ್ಚಿಮದ ಕಡಿದಾದ ಚುರಂಗಳಿಗೆ ಮಹತ್ವ ಹೆಚ್ಚಿದ್ದು ಹೀಗೆ. ವಯನಾಡು ಮುಖ ತಿರುಗಿಸಿ ಸಮುದ್ರದ ಕಡೆ ನೋಡತೊಡಗಿತು.

ಸರಪಳಿಯ ಮರ

ತಾಮರಶ್ಶೇರಿ ಚುರಂ ಹತ್ತಿ ಲಕ್ಕಿಡಿಗೆ ಬಂದರೆ ರಸ್ತೆ ಬದಿಯಲ್ಲಿ ಸರಪಳಿ ಬಿಗಿದ ಒಂದು ಮರವಿದೆ. ಪಣಿಯ ಬುಡಕಟ್ಟಿನ ಕರಿಂತಂಡನ್ ಎಂಬಾತ ಬೆಟ್ಟ ಹತ್ತುವ ದಾರಿಯನ್ನು ಆಂಗ್ಲ ಇಂಜಿನಿಯರನಿಗೆ ತೋರಿಸಿದನಂತೆ. ಕೀರ್ತಿ ತನ್ನೊಬ್ಬನಿಗೇ ಇರಲೆಂದು ಆ ಇಂಜಿನಿಯರ್ ಅವನನ್ನು ಕೊಂದನಂತೆ. ಕರಿಂತಂಡನ್‌ನ ಆತ್ಮ ಪ್ರಯಾಣಿಕರನ್ನು ಕಾಡಿದಾಗ ಅದನ್ನು ಈ ಮರಕ್ಕೆ ಸರಪಳಿಯಿಂದ ಕಟ್ಟಿದರಂತೆ.

ಇದು ಐತಿಹ್ಯ, ದಾಖಲೆಯಲ್ಲ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಐತಿಹ್ಯವೆಂದು ತಳ್ಳಿಬಿಟ್ಟರೂ ಪಾಠ ಪೂರ್ತಿಯಾಗುವುದಿಲ್ಲ. ದಂಡಿನ ಅಧಿಕಾರಿಗಳ ಹೆಸರು ಪುಸ್ತಕದಲ್ಲಿ ಉಳಿಯಿತು. ಆನೆ, ದನಗಳ ಜಾಡು ಹಿಡಿದು ಕಾಡು ಬಲ್ಲವರು, ಬಂಡೆ ಒಡೆದವರು, ಮಣ್ಣು ಹೊತ್ತವರು ಯಾರೆಂದು ಯಾರೂ ಬರೆದಿಡಲಿಲ್ಲ. ಬರೆದಿಡದವರನ್ನು ನೆನಪಿನಲ್ಲಿಡಲು ಜನ ಈ ಕತೆಯನ್ನು ಉಳಿಸಿಕೊಂಡರು ಎಂದು ನಮಗೆ ತೋರುತ್ತದೆ.

ಇಂದಿನ ದಾರಿ

ಪೂರ್ವದ ಸಮದಾರಿಗಳು ಇಂದು ಬಂಡೀಪುರ, ನಾಗರಹೊಳೆ, ವಯನಾಡು ವನ್ಯಧಾಮಗಳ ನಡುವೆ ಹಾದುಹೋಗುತ್ತವೆ. ವಾಹನಗಳಿಗೆ ಸಿಕ್ಕು ಪ್ರಾಣಿಗಳು ಸಾಯುವುದನ್ನು ತಪ್ಪಿಸಲು ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಬಂತು. ವಯನಾಡಿನ ಜನರಿಗೆ ಇದರಿಂದ ಕಷ್ಟವಿದೆ, ಕಾಡಿಗೆ ಉಸಿರಾಡಲು ಒಂದಿಷ್ಟು ಹೊತ್ತು ಸಿಕ್ಕಿದೆ. ಎರಡೂ ನಿಜ. ಸೈಕಲಿನಲ್ಲಿ ಹೋಗುವವರು ಆನೆಗಳ ಅಪಾಯ ಮರೆಯದೆ, ಅರಣ್ಯ ಚೆಕ್‌ಪೋಸ್ಟಿನಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

2024ರ ಜುಲೈ 30ರಂದು ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಸೇತುವೆ ಕೊಚ್ಚಿಹೋಗಿ ಮುಂಡಕ್ಕೈ ದ್ವೀಪದಂತಾಯಿತು. ಸೇನೆ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದ ಮೇಲೆಯೇ ಯಂತ್ರಗಳು ಆಚೆ ದಡ ಸೇರಿದ್ದು. ಒಂದು ರಸ್ತೆ ಎಂದರೆ ಏನೆಂದು ಆ ಎರಡು ದಿನಗಳಲ್ಲಿ ದೇಶವೇ ನೋಡಿತು. ಅದೇ ಮೇಪ್ಪಾಡಿಯ ಕಡೆಗೆ ಆನಕ್ಕಾಂಪೊಯಿಲಿನಿಂದ 8 ಕಿ.ಮೀ.ಗೂ ಹೆಚ್ಚು ಉದ್ದದ ಸುರಂಗ ಮಾರ್ಗದ ಯೋಜನೆಯಿದೆ. ಚುರಂನ ವಾಹನ ದಟ್ಟಣೆ ಕಂಡವರು ಬೇಕು ಎನ್ನುತ್ತಾರೆ. ಗುಡ್ಡ ಕುಸಿದದ್ದನ್ನು ಕಂಡವರು ಅಂಜುತ್ತಾರೆ.

ಶಿಕ್ಷಕ ಮಿತ್ರರಲ್ಲಿ ಒಂದು ಸಲಹೆ. ವಯನಾಡಿಗೆ ಶಾಲಾ ಪ್ರವಾಸ ಹೋಗುವಾಗ ಮಕ್ಕಳ ಕೈಯಲ್ಲಿ ಒಂದು ಖಾಲಿ ಹಾಳೆ ಕೊಡಿ. ದಾರಿ ಎಲ್ಲಿ ಏರಿತು, ಎಲ್ಲಿ ಸಮವಾಯಿತು, ತೊರೆಗಳು ಯಾವ ಕಡೆ ಹರಿಯುತ್ತಿವೆ, ಊರ ಹೆಸರಲ್ಲಿ ಕನ್ನಡದ ಪದವುಂಟೇ ಎಂದು ಅವರೇ ಬರೆಯಲಿ. ತರಗತಿಗೆ ಮರಳಿ ಆ ಹಾಳೆಗಳನ್ನು ನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ಕರಿಂತಂಡನ್‌ನ ಹೆಸರನ್ನೂ ಆ ನಕ್ಷೆಯಲ್ಲಿ ಲಕ್ಕಿಡಿಯ ಬಳಿ ಬರೆಯಿಸಿ.