ರಷ್ಯಾದ ಹೊಲ, ಮುಂಬಯಿಯ ಬ್ಯಾಂಡು

2012ರ ಮದುವೆ ಸೀಸನ್ನು. ಡೊಂಬಿವಲಿ ಸ್ಟೇಶನ್ನಿನಿಂದ ತರಕಾರಿ ಚೀಲ ಹಿಡಿದು ಮನೆಗೆ ನಡೆಯುತ್ತಿದ್ದೆ. ಎದುರಿಗೆ ದಿಬ್ಬಣ. ಕುದುರೆ ಮೇಲೆ ಬೆವರುತ್ತ ಕೂತ ಮದುಮಗ, ಮುಂದೆ ಕೆಂಪು ಕೋಟು ತೊಟ್ಟ ಬ್ಯಾಂಡಿನವರು. ನುಡಿಸುತ್ತಿದ್ದದ್ದು ಹಿಂದಿನ ವರ್ಷದ ‘ಸಾತ್ ಖೂನ್ ಮಾಫ್’ ಚಿತ್ರದ ‘ಡಾರ್ಲಿಂಗ್’ ಹಾಡು. ಕ್ಲಾರಿನೆಟ್ ನಿಧಾನಕ್ಕೆ ಶುರು ಮಾಡಿತು, ಸೈಡ್ ಡ್ರಮ್ಮಿನವನು ಸ್ವಲ್ಪ ತಳ್ಳಿದ, ಟ್ರಂಪೆಟ್ ಸೇರಿತು. ನೋಡನೋಡುತ್ತ ವೇಗ ಏರಿ, ಮದುಮಗನ ಮಾವಂದಿರೆಲ್ಲ ರಸ್ತೆ ಮಧ್ಯೆ ಕುಣಿಯತೊಡಗಿದರು.

ನಾನು ಚೀಲ ಕೆಳಗಿಟ್ಟು ನಿಂತುಬಿಟ್ಟೆ. ಇದು ‘ಕಾಲಿನ್ಕಾ’! ರಷ್ಯಾದ ಕುಣಿತದ ಹಾಡು, ಡೊಂಬಿವಲಿ ಪೂರ್ವದಲ್ಲಿ!

ನಮ್ಮ ತಲೆಮಾರಿನವರಿಗೆ ರಷ್ಯಾ ಮೊದಲು ಪರಿಚಯವಾದದ್ದು ಕಿವಿಯಿಂದಲ್ಲ, ಕಣ್ಣಿನಿಂದ. ‘ಸೋವಿಯತ್ ಲ್ಯಾಂಡ್’ ಪತ್ರಿಕೆ ನೆನಪಿದೆಯಲ್ಲ? ಅದರ ನುಣುಪು ಕಾಗದ ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕಲು ಹೇಳಿ ಮಾಡಿಸಿದಂತಿತ್ತು. ನನ್ನ ಗಣಿತದ ಪುಸ್ತಕದ ಮೇಲೆ ಇಡೀ ವರ್ಷ ಒಬ್ಬ ಗಡ್ಡದವನು ಕುಕ್ಕರಗಾಲಲ್ಲಿ ಕೂತು ಒಂದು ಕಾಲು ಮುಂದೆ ಚಾಚಿ ಕುಣಿಯುತ್ತಿದ್ದ. ಯಾವ ತಾಳಕ್ಕೆ ಕುಣಿಯುತ್ತಿದ್ದಾನೆಂದು ತಿಳಿಯಲು ನಾನು ಮುಂಬಯಿಗೆ ಬಂದು, ಫೋರ್ಟಿನ ಫುಟ್‌ಪಾತಿನಲ್ಲಿ ಹಳೆಯ ಮೆಲೋದಿಯಾ ರೆಕಾರ್ಡೊಂದನ್ನು ಕೊಳ್ಳಬೇಕಾಯಿತು.

ರಷ್ಯಾದ ಈ ಕುಣಿತಗಳ ಗುಟ್ಟು ಬಹಳ ಸರಳ. ಒಂದು ಸಣ್ಣ ರಾಗ, ಎರಡೆಣಿಕೆಯ ತಾಳ. ಅದನ್ನೇ ಮತ್ತೆ ಮತ್ತೆ ನುಡಿಸುವುದು, ಪ್ರತಿಸಲ ಸ್ವಲ್ಪ ವೇಗ, ಸ್ವಲ್ಪ ಅಬ್ಬರ. ನಮ್ಮ ಯಕ್ಷಗಾನದಲ್ಲಿ ಯುದ್ಧದ ಕುಣಿತಕ್ಕೆ ಚೆಂಡೆ ಏರುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1848ರಲ್ಲಿ ಗ್ಲಿಂಕಾ ಎಂಬ ಸಂಗೀತಕಾರ ‘ಕಾಮಾರಿನ್‌ಸ್ಕಾಯಾ’ ಬರೆದ. ಅದರಲ್ಲಿರುವುದು ಎರಡೇ ಜನಪದ ರಾಗ: ಒಂದು ಮದುವೆಯ ಹಾಡು, ಇನ್ನೊಂದು ಕುಣಿತದ್ದು. ಕುಣಿತದ ರಾಗವನ್ನು ಆತ ಬೆಳೆಸಲಿಲ್ಲ, ಹಾಗೇ ಹತ್ತಾರು ಸಲ ತಿರುಗಿಸಿದ. ಬದಲಾಯಿಸಿದ್ದು ಸುತ್ತಲಿನ ವಾದ್ಯಗಳನ್ನು ಮಾತ್ರ. ರಷ್ಯಾದ ಇಡೀ ಸಿಂಫನಿ ಸಂಗೀತಕ್ಕೆ ಇದೇ ಬೀಜ ಎಂದು ಚೈಕೋವ್‌ಸ್ಕಿ ಭಾವಿಸಿದ್ದ. ಆತನೇ 1892ರ ‘ನಟ್‌ಕ್ರ್ಯಾಕರ್’ ಬ್ಯಾಲೆಯಲ್ಲಿ ‘ತ್ರೆಪಾಕ್’ ಕುಣಿತವನ್ನು ಇಟ್ಟ.

ಊದುವ ವಾದ್ಯಗಳ ಬ್ಯಾಂಡಿಗೆ ಇಂಥ ರಾಗ ಚೆನ್ನಾಗಿ ಒಗ್ಗುತ್ತದೆ. ಬಾಲಲೈಕಾದ ತಂತಿ ಮೀಟುವುದನ್ನು ಕ್ಲಾರಿನೆಟ್ಟುಗಳು ಚುಟುಕು ಸ್ವರಗಳಲ್ಲಿ ಮಾಡುತ್ತವೆ. ಅಕಾರ್ಡಿಯನ್ನಿನ ತುಂಬು ನಾದ ಸ್ಯಾಕ್ಸೊಫೋನು, ಹಾರ್ನುಗಳಿಗೆ ಹೋಗುತ್ತದೆ. ಟ್ಯೂಬಾ ‘ಧುಂ’ ಅಂದರೆ ಹಾರ್ನು ‘ಪಾ’ ಅನ್ನುತ್ತದೆ. ಇಷ್ಟಾದರೆ ಕಾಲು ತಾನಾಗಿ ಏಳುತ್ತದೆ.

ಮುಂಬಯಿಯಲ್ಲಿ ನಾನು ಕಂಡ ಬ್ಯಾಂಡು ಎರಡು ಬಗೆಯದು. ನೌಕಾದಿನದ ಸುಮಾರಿಗೆ ಗೇಟ್‌ವೇ ಎದುರು ನುಡಿಸುವ ನೌಕಾಪಡೆಯದು ಒಂದು. ಅದರ ಸಮವಸ್ತ್ರದ ದೂರದ ನೆಂಟನಂತಹ ಕೋಟು ತೊಟ್ಟ ಮದುವೆ ಬ್ಯಾಂಡು ಇನ್ನೊಂದು. ಒಬ್ಬರು ಕಾಗದ ನೋಡಿ ನುಡಿಸುತ್ತಾರೆ, ಇನ್ನೊಬ್ಬರು ಕೇಳಿ ನುಡಿಸುತ್ತಾರೆ. ಇವೆರಡರ ನಡುವೆ ನಮ್ಮ ಕಣ್ಣಿಗೆ ಬೀಳದ ಮೂರನೆಯದೂ ಒಂದಿತ್ತು: ಸಿನಿಮಾ ಸ್ಟುಡಿಯೋಗಳ ವಾದ್ಯವೃಂದ. ಗೋವಾದ ಇಗರ್ಜಿ ಶಾಲೆಗಳಲ್ಲಿ ಸ್ವರಲಿಪಿ ಕಲಿತು ಬಂದವರು ಅದರ ಬೆನ್ನೆಲುಬು. ನಮ್ಮ ಹುಡುಗರು ಉಡುಪಿ ಹೋಟೆಲಿನ ಅಟ್ಟದಲ್ಲಿ ಚಾಪೆ ಹಾಸಿದಂತೆ, ಗೋವಾದಿಂದ ಬಂದವರು ಧೋಬಿ ತಲಾವಿನ ತಮ್ಮೂರ ‘ಕೂಡ್’ಗಳಲ್ಲಿ ಪೆಟ್ಟಿಗೆ ಇಟ್ಟು ಮಲಗುತ್ತಿದ್ದರು. ಸೆಬಾಸ್ಟಿಯನ್ ಡಿಸೋಜ, ಆಂಥೊನಿ ಗೊನ್ಸಾಲ್ವಿಸ್‌ರಂತಹ ಅರೇಂಜರುಗಳು ಆ ಗೋವಾದವರೇ. ಅಕಾರ್ಡಿಯನ್ ಹಿಡಿದವರಲ್ಲಿ ಗುಡಿ ಸೀರ್ವಾಯಿ, ಕೇರ್ಸಿ ಲಾರ್ಡ್‌ರಂತಹ ಪಾರ್ಸಿಗಳಿದ್ದರು. ಜಗತ್ತಿನ ಯಾವ ಮೂಲೆಯ ರಾಗ ಕೊಟ್ಟರೂ ಸಂಜೆಯೊಳಗೆ ನುಡಿಸಬಲ್ಲ ಕೈಗಳು ಇಲ್ಲಿ ಸಿದ್ಧವಾಗಿದ್ದವು.

ಈ ಕೈಗಳಿಗೆ ಒಂದು ರಷ್ಯನ್ ರಾಗ ಕೊಟ್ಟವರು ಸಲಿಲ್ ಚೌಧುರಿ. (1977ರ ನಮ್ಮ ‘ಕೋಕಿಲಾ’ ಚಿತ್ರದ ಸಂಗೀತ ಇವರದೇ!) ಅಸ್ಸಾಮಿನ ಚಹಾ ತೋಟದಲ್ಲಿ ವೈದ್ಯರಾಗಿದ್ದ ತಂದೆಯ ಪಾಶ್ಚಾತ್ಯ ರೆಕಾರ್ಡುಗಳನ್ನು ಕೇಳುತ್ತ ಬೆಳೆದವರು, ಆಮೇಲೆ ಇಪ್ಟಾದಲ್ಲಿ ರೈತರಿಗಾಗಿ ಹಾಡು ಕಟ್ಟಿದವರು. 1953ರ ‘ದೋ ಬೀಘಾ ಜಮೀನ್’ ಚಿತ್ರಕ್ಕೆ ಕತೆಯೂ ಅವರದೇ, ಸಂಗೀತವೂ ಅವರದೇ. ಅದರಲ್ಲಿ ಮನ್ನಾ ಡೇ, ಲತಾ ಹಾಡಿರುವ ‘ಧರತಿ ಕಹೇ ಪುಕಾರ್ ಕೆ’ ನೀವು ಕೇಳಿರುತ್ತೀರಿ. ಅದರ ರಾಗದ ಮೂಲ ‘ಪೊಲ್ಯುಶ್ಕೊ ಪೊಲ್ಯೆ’.

ಅದನ್ನು ಕಟ್ಟಿದವನು ಲೆವ್ ಕ್ನಿಪ್ಪರ್, ಚೆಕಾವ್‌ನ ಹೆಂಡತಿಯ ಸೋದರಳಿಯ. 1934ರ ತನ್ನ ನಾಲ್ಕನೆಯ ಸಿಂಫನಿಗಾಗಿ ಬರೆದದ್ದು, ಕೆಂಪು ಸೇನೆಯ ಹಾಡಾಗಿ ಊರೂರಿಗೆ ಹಬ್ಬಿತು. ಕುದುರೆ ಸವಾರರು ದೂರದಿಂದ ಬಂದು, ಹತ್ತಿರವಾಗಿ, ಮತ್ತೆ ದೂರ ಹೋದಂತೆ ಅದರ ಲಯ. ಇದು ಜನಪದವೇ ಎಂದು ಎಷ್ಟೋ ಜನ ನಂಬಿದ್ದಾರೆ, ಬಹಳ ಕಾಲ ನಾನೂ ನಂಬಿದ್ದೆ. ಕಾಲಿನ್ಕಾದ ಕತೆಯೂ ಹೀಗೇ. ಅದನ್ನು 1860ರಲ್ಲಿ ಇವಾನ್ ಲಾರಿಯೊನೊವ್ ಬರೆದ. ಅದು ಮೊದಲು ಕೇಳಿಸಿದ್ದು ಸರಾತೊವ್ ಊರಿನ ಒಂದು ನಾಟಕದ ವೇದಿಕೆಯಲ್ಲಿ. ಊರವರ ಬಾಯಿಗೆ ಬಿದ್ದ ಮೇಲೆ ಬರೆದವನ ಹೆಸರು ಯಾರಿಗೆ ಬೇಕು?

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ರಷ್ಯನ್ ಭಾಷೆಯಲ್ಲಿ ‘ಪೊಲ್ಯೆ’ ಅಂದರೆ ಹೊಲ, ‘ಪೊಲ್ಯುಶ್ಕೊ’ ಅಂದರೆ ಮುದ್ದಿನಿಂದ ಕರೆದ ಪುಟ್ಟ ಹೊಲ. ಅದನ್ನು ತಿಳಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಯಾಕೆಂದರೆ ‘ದೋ ಬೀಘಾ ಜಮೀನ್’ ಇರುವುದೇ ಪುಟ್ಟ ಹೊಲದ ಬಗ್ಗೆ. ಶಂಭು ಎಂಬ ರೈತ ಎರಡು ಬೀಘಾ ಉಳಿಸಿಕೊಳ್ಳಲು ಕಲ್ಕತ್ತೆಗೆ ಹೋಗಿ ಕೈಗಾಡಿ ಎಳೆಯುತ್ತಾನೆ, ಕೊನೆಗೆ ಹೊಲ ಉಳಿಯುವುದಿಲ್ಲ. ಅದನ್ನು ಮಾಡಿದವರಾದರೂ ಯಾರು? ಬಿಮಲ್ ರಾಯ್ ಕಲ್ಕತ್ತೆ ಬಿಟ್ಟು ಮುಂಬಯಿಗೆ ಬಂದವರು. ಹಾಡು ಬರೆದ ಶೈಲೇಂದ್ರ ನಮ್ಮ ಮಾಟುಂಗದ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು. ಊರು ಬಿಟ್ಟವರೆಲ್ಲ ಸೇರಿ ಊರ ಮಣ್ಣಿನ ಹಾಡು ಮಾಡಿದರು. ರಾಗ ದೇಶ ಬದಲಾಯಿಸಿತು, ಹೊಲವನ್ನು ಬಿಡಲಿಲ್ಲ.

1954ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಭಾರತೀಯ ಚಿತ್ರೋತ್ಸವ ನಡೆದಾಗ ‘ಆವಾರಾ’ ಜೊತೆಗೆ ಈ ಚಿತ್ರವೂ ಹೋಯಿತು. ‘ಆವಾರಾ’ದ ಗದ್ದಲ ಎಲ್ಲರಿಗೂ ಗೊತ್ತು. ಆದರೆ ಕತ್ತಲ ಟಾಕೀಸಿನಲ್ಲಿ ಕೂತ ಒಬ್ಬ ಮಾಸ್ಕೋದ ಅಜ್ಜಿ, ಧೋತಿ ಉಟ್ಟವರ ಬಾಯಲ್ಲಿ ತನ್ನದೇ ರಾಗ ಕೇಳಿ ಏನೆಂದುಕೊಂಡಿರಬಹುದು ಎಂದು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ಮಗ ಯಾರದೋ ಬಟ್ಟೆ ತೊಟ್ಟು ಮನೆಗೆ ಬಂದಂತೆ ಅನಿಸಿರಬೇಕು.

‘ಹಾಗಾದರೆ ಕದ್ದದ್ದಲ್ಲವೇ?’ ಎಂದು ಕೇಳುವವರಿದ್ದಾರೆ. ಹೆಸರು ಹೇಳದೆ ತೆಗೆದುಕೊಳ್ಳುವುದು ನನಗೂ ಸರಿ ಕಾಣುವುದಿಲ್ಲ. ಆ ವಿಷಯದಲ್ಲಿ ‘ಡಾರ್ಲಿಂಗ್’ ಹಾಡೇ ಮೇಲು. ಕತೆಯಲ್ಲೇ ನಾಯಕಿಯ ಗಂಡಂದಿರಲ್ಲಿ ಒಬ್ಬ ರಷ್ಯನ್, ಕಾಲಿನ್ಕಾದ ನೆರಳನ್ನು ವಿಶಾಲ್ ಭಾರದ್ವಾಜ್ ಮುಚ್ಚಿಡಲಿಲ್ಲ. ಆದರೆ ಕ್ನಿಪ್ಪರ್‌ನ ಹೆಸರು ಬಿಟ್ಟುಹೋಯಿತೆಂದು ದುಃಖಪಡುವ ನಾವು, ಅದನ್ನು ಮುಂಬಯಿಯಲ್ಲಿ ನುಡಿಸಿದವರ ಹೆಸರನ್ನು ಎಂದಾದರೂ ಕೇಳಿದ್ದೇವೆಯೇ? ಆ ಕಾಲದ ರೆಕಾರ್ಡುಗಳ ಮೇಲೆ ಹಾಡಿದವರ, ಸಂಗೀತ ನಿರ್ದೇಶಕರ ಹೆಸರಿರುತ್ತಿತ್ತು. ಪಿಟೀಲಿನವರು, ಟ್ರಂಪೆಟ್ಟಿನವರು ದಿನದ ಸಂಬಳ ಎಣಿಸಿಕೊಂಡು ಲೋಕಲ್ ಹಿಡಿದು ಮನೆಗೆ ಹೋದರು.

ಆ ದಿನ ಡೊಂಬಿವಲಿಯಲ್ಲಿ ದಿಬ್ಬಣ ಹಾಲಿನೊಳಗೆ ಹೋದ ಮೇಲೆ ಕ್ಲಾರಿನೆಟ್ಟಿನವನನ್ನು ಮಾತಾಡಿಸಿದೆ. ನನ್ನ ಹಿಂದಿ ಕೇಳಿ ಅವನೇ ಕನ್ನಡದಲ್ಲಿ ಶುರುಮಾಡಿದ! ಅಕ್ಕಲಕೋಟೆ ಕಡೆಯವನು. ಸೀಸನ್ನಿಗೆ ಬಂದು ನುಡಿಸಿ, ಮಳೆಗೆ ಮುಂಚೆ ವಾಪಸು ಹೋಗುತ್ತಾನೆ. ಇದು ರಷ್ಯಾದ ರಾಗ ಅಂತ ಹೇಳಿದೆ.

“ಎಲ್ಲಿಂದರ ಬರಲಿ ಕಾಕಾ, ಮಂದಿನ್ನ ಕುಣಿಸ್ತದಲ್ಲ, ಸಾಕ್ರಿ” ಅಂದ.

ಊರಲ್ಲಿ ಹೊಲ ಇದೆಯಾ ಎಂದು ಕೇಳಿದೆ. ಎರಡು ಎಕರೆ ಅಂದ. “ಅದಕ್ಕs ಊದಲಿಕ್ಕೆ ಬರತೀನ್ರಿ.”

ನನಗೆ ಮಾತು ಹೊರಡಲಿಲ್ಲ. ಭೂಸುಧಾರಣೆ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು ನಮ್ಮಪ್ಪ ಪಡೆದ ಗದ್ದೆ ಊರಲ್ಲಿ ಹಡಿಲು ಬಿದ್ದಿದೆ. ಮಾರಲು ಮನಸ್ಸಿಲ್ಲ, ಹೋಗಿ ಬೇಸಾಯ ಮಾಡುವ ಧೈರ್ಯವೂ ಇಲ್ಲ. ಅವನು ಹೊಲ ಉಳಿಸಿಕೊಳ್ಳಲು ಊದುತ್ತಾನೆ, ನಾನು ಹೊಲದ ಹಾಡು ಕೇಳಿ ಕಣ್ಣು ಒರೆಸಿಕೊಳ್ಳುತ್ತೇನೆ. ಇಬ್ಬರಲ್ಲಿ ಆ ರಾಗ ಯಾರದು ಎಂದು ಕೇಳಿದರೆ ನಾನಂತೂ ಅವನ ಕಡೆಗೇ ಕೈ ತೋರಿಸುತ್ತೇನೆ.

ಮುಂದಿನ ಸಲ ನಿಮ್ಮ ಬೀದಿಯಲ್ಲಿ ಬ್ಯಾಂಡು ಬಂದರೆ ಕಿಟಕಿ ಮುಚ್ಚಬೇಡಿ. ಒಂದು ನಿಮಿಷ ನಿಂತು ಕೇಳಿ. ಆಗುವುದಾದರೆ ನುಡಿಸುವವನ ಊರು ಯಾವುದೆಂದೂ ಕೇಳಿ.